ಮೂವತ್ತೆಂಟು ಡೆಸಿಬೆಲ್

ಗೋಡೆಗೂ ಕಿವಿಯುಂಟು ಅನ್ನುತ್ತಾರೆ.
ನಮ್ಮದು ಪ್ಲೈವುಡ್ಡು:
ಬರೀ ಕಿವಿ, ಗೋಡೆಯೇ ಇಲ್ಲ.
ಆಚೆ ಫುಂಗ್ ಅಜ್ಜಿ ಮಾತ್ರೆಯ ಹಾಳೆ ಒತ್ತಿದರೆ
ಇವತ್ತು ಎರಡೋ ಮೂರೋ
ಈಚೆ ಕೂತೇ ಹೇಳಬಲ್ಲೆ.

ಶಾಮ್ ಶೂಯಿ ಪೋ, ಐದನೇ ಮಹಡಿ, ಲಿಫ್ಟಿಲ್ಲ.
ಒಂದು ಮನೆಯನ್ನು ಕೊಯ್ದು ನಾಲ್ಕು ಮಾಡಿದ್ದಾರೆ;
ನಮ್ಮ ಪಾಲಿಗೆ ಕಿಟಕಿಯಿರುವ ಹೋಳು.
ಅಪ್ಪ ರಾತ್ರಿಯಿಡೀ ಕೆಂಪು ಮಿನಿಬಸ್ಸು ಓಡಿಸಿ
ಏಳಕ್ಕೆ ಬಂದು, ಗಂಜಿ ಕುಡಿದು,
ಬೀರುವಿನ ಕಡೆ ಮುಖ, ನನಗೆ ಬೆನ್ನು,
ಹಾಗೇ ಮಲಗುತ್ತಾನೆ.
ಅವನ ಮಂಚಕ್ಕೂ ನನ್ನ ಮಡಚುವ ಮೇಜಿಗೂ ನಡುವೆ
ಒಂದು ಮೊಳ.

ಹಳೆಯ ಲ್ಯಾಪ್‌ಟಾಪು ಕೆಟ್ಟದ್ದಲ್ಲ, ಪಾಪ.
ಆಟ ಶುರುವಾದ ಐದು ನಿಮಿಷಕ್ಕೆ
ಹಿಟ್ಟಿನ ಗಿರಣಿ.
ಅಪ್ಪನ ಕಾಲು ಒಮ್ಮೆ ಹೊರಳಿದರೆ ಸಾಕು,
ಸೇತುವೆಯ ನಟ್ಟನಡುವೆ ಸುಮ್ಮನೆ ನಿಂತುಬಿಡುತ್ತಿದ್ದೆ.
ಯಾರಾದರೂ ಹೊಡೆಯಲಿ,
ನಾನು ಸಾಯಲಿ, ಫ್ಯಾನು ತಣ್ಣಗಾಗಲಿ.

ಎರಡು ಚಳಿಗಾಲ ಮೀನುಂಡೆ ಕರಿದ ದುಡ್ಡು.
ಕೂದಲಲ್ಲಿ ಇನ್ನೂ ಎಣ್ಣೆಯ ವಾಸನೆ.
ಕಂಪ್ಯೂಟರ್ ಸಂತೆಯಲ್ಲಿ ಎಲ್ಲರದೂ ಒಂದೇ ಮಾತು:
‘ಸದ್ದೇ ಇಲ್ಲ, ನೋಡು.’
ಆ ಗದ್ದಲದಲ್ಲಿ ನಗಾರಿ ಹೊಡೆದರೂ ಸದ್ದಿಲ್ಲ.

ಚೋಯ್ ಎಂಬುವನು ಮಾತ್ರ ನಕ್ಕ.
‘ಎಲ್ಲರೂ ಎಷ್ಟು ವೇಗ ಅಂತ ಕೇಳ್ತಾರೆ,
ನೀನು ಎಷ್ಟು ಮೌನ ಅಂತೀಯಲ್ಲ!’
ನಾನು ಫೋನು ತೋರಿಸಿದೆ:
ಅಪ್ಪನ ಗೊರಕೆ, ದಿಂಬಿನ ಪಕ್ಕದಲ್ಲಿ ಅಳೆದದ್ದು,
ನಲವತ್ತೊಂದು ಡೆಸಿಬೆಲ್.
‘ತನ್ನ ಗೊರಕೆಗೆ ತಾನೇ ಏಳುವುದಿಲ್ಲ ಅವನು.
ಅದಕ್ಕಿಂತ ಕಡಿಮೆ ಇದ್ದರೆ ಸಾಕು.’

ಮೂರು ಡಬ್ಬಿ ಹೊತ್ತು ಹಿಂದಿನ ಮೆಟ್ಟಿಲಿಗೆ ಹೋದೆವು,
ರಟ್ಟಿನ ರಾಶಿಯ ನಡುವೆ, ಬಾಗಿಲು ಮುಚ್ಚಿ.
ಮೊದಲನೆಯದು ತೆಳ್ಳಗೆ, ಚೆಂದ;
ಒಳಗೊಂದು ಸಣ್ಣ ಕೀರಲು.
ನಿದ್ದೆ ಕೆಡಿಸಲು ಸೊಳ್ಳೆಗೆ ಎಷ್ಟು ಡೆಸಿಬೆಲ್ ಬೇಕು?
ಎರಡನೆಯದು ಮೌನಿ. ಅಂಗೈ ಇಟ್ಟರೆ ಚುರ್ ಅಂತು.
ಮೂರನೆಯದು ದಪ್ಪ, ಕಪ್ಪು,
ಹೋದ ವರ್ಷದ್ದು, ಯಾರೂ ತಿರುಗಿ ನೋಡದ್ದು.
ಕಿವಿ ಇಟ್ಟೆ.
ಉಸಿರಿತ್ತು, ದೂರು ಇರಲಿಲ್ಲ.
ಮೂವತ್ತೆಂಟು.
‘ಸೆಕೆಂಡಿಗೆ ಅರವತ್ತು ಫ್ರೇಮಿಗೆ ಕಟ್ಟಿಹಾಕು,’ ಅಂದ ಚೋಯ್,
‘ಹೆಚ್ಚು ಓಡಿಸಬೇಡ. ಮೆತ್ತಗಿರುತ್ತೆ.’

ಮನೆಗೆ ತಂದ ಮೇಲೆ ತಿಳಿಯಿತು
ಆ ಗಿರಣಿ ಏನೇನು ಮುಚ್ಚಿಟ್ಟಿತ್ತು ಅಂತ.
ಕೀಲಿಗಳ ಟಕಟಕ. ನನ್ನ ಕುರ್ಚಿಯ ಕಿರುಗು.
ಗೆದ್ದಾಗ ನಾನೇ ನುಂಗುವ ಗಾಳಿ.
ಅಮ್ಮ ಪ್ರೀತಿಯಿಂದ ಅಡಿಗೆ ಟವೆಲು ಹಾಸಿದಳು.
ಮೂಗು ಹಿಡಿದ ಹಾಗಾಗಿ ಅದು ಬುಸುಗುಟ್ಟಿತು.
ತೆಗೆಯಮ್ಮಾ, ಅದಕ್ಕೂ ಉಸಿರು ಬೇಕು.
ತೆಗೆದಳು, ಮಡಚಿದಳು,
ಅದರಲ್ಲೇ ಪರದೆ ಒರೆಸಿಹೋದಳು.

ಹತ್ತನೆಯ ದಿನವೋ ಏನೋ.
ಗೋದಾಮಿನಲ್ಲಿ ಮಂಡಿಯೂರಿ ಕೂತಿದ್ದೆ,
ಉಳಿದವರು ಇಬ್ಬರೇ, ನಾನೊಬ್ಬಳು.
ಗೊರಕೆ ಯಾವಾಗ ನಿಂತಿತೋ ಗೊತ್ತಿಲ್ಲ.

‘ಬಲಗಡೆ,’ ಅಂದ ಅಪ್ಪ.
ಹೊರಳಲಿಲ್ಲ. ಬೆನ್ನು ಬೆನ್ನಾಗಿಯೇ ಇತ್ತು.
‘ನೀಲಿ ಪೀಪಾಯಿಯ ಹಿಂದೆ.’

ಬೀರುವಿನ ಬಾಗಿಲಿಗೆ ಕನ್ನಡಿಯಿದೆ.
ಕನ್ನಡಿಯೊಳಗೆ ನನ್ನ ಪರದೆ, ಪರದೆಯ ಬೆಳಕು,
ಬೆಳಕಿನ ಅಂಚಿನಲ್ಲಿ ಅವನ ತೆರೆದ ಕಣ್ಣು.
ಇಪ್ಪತ್ತಾರು ವರ್ಷದಿಂದ
ಹಿಂದಿರುವುದನ್ನು ಕನ್ನಡಿಯಲ್ಲಿ ನೋಡುವುದೇ ಕಸುಬು ಅವನಿಗೆ.
ಎಡ ಬಲವಾಗುವುದು ಲೆಕ್ಕವೇ ಅಲ್ಲ.

ಹೊಡೆದೆ. ಅಲ್ಲೇ ಇದ್ದ.

ಸ್ವಲ್ಪ ಹೊತ್ತು ಬಿಟ್ಟು, ನಿದ್ದೆಯ ಗಂಟಲಿನಲ್ಲಿ:
‘ಸಿನ್-ಯೂ, ಒಂದು ಕೇಳ್ಲಾ?
ಮೊದಲೆಲ್ಲ ಆ ಸೇತುವೆ ಮೇಲೆ
ಯಾಕೆ ಸುಮ್ಮನೆ ನಿಂತು ಸಾಯ್ತಿದ್ದೆ?’

ಕೀಲಿಯ ಮೇಲೆ ಬೆರಳು ಹಾಗೇ ಇತ್ತು.
ಏನು ಹೇಳಲಿ ಅನ್ನುವಷ್ಟರಲ್ಲಿ
ಶುರುವಾಗಿತ್ತು,
ಅಳೆಯದೆಯೂ ಗೊತ್ತು:
ನಲವತ್ತೊಂದು.