ಕಣ್ಣಿನ ಗುರುತು

ಚೌಬಾರಾದ ಹಿಂದಿನ ಗಲ್ಲ್ಯಾಗ
ಹೊಲಿಗಿ ಮಷಿನ್ ರಿಪೇರಿಯೋರ ಬಾಜೂಕ ನನ್ನ ಡಿಟಿಪಿ ಅಂಗಡಿ.
ಝೆರಾಕ್ಸ್ ಎರಡು ರೂಪಾಯಿ, ಅರ್ಜಿ ಬರದು ಕೊಟ್ರ ಮೂವತ್ತು,
ಪಿಡಿಎಫ್ ತಿದ್ದೋದಕ ಕೆಲಸ ನೋಡಿ ರೇಟು.

ಮನ್ಮಥಪ್ಪ ಬಂದಾಗ ಕರೆಂಟು ಆಗಷ್ಟೇ ಬಂದಿತ್ತು.
ಪೆನ್‌ಡ್ರೈವಿಗಿ ಕೆಂಪು ದಾರ ಕಟ್ಟಿದ್ದ.
"ಅಕ್ಕೋರ, ಲೇಔಟಿನ ನಕ್ಷಾ ಅದ. ಒಂದ್ ಸಣ್ಣ ಕೆಲಸ."
ಸಣ್ಣ ಕೆಲಸ ಅಂತ ಬಂದದ್ದು
ಒಂದರೆ ಸಣ್ಣದಿದ್ದದ್ದು ನಾ ನೋಡಿಲ್ಲ.

ತೆರದೆ. ಎಡಕ್ಕ ಲೇಯರುಗಳ ಪಟ್ಟಿ,
ಮದಿವಿ ಮನ್ಯಾಗ ಕೌದಿ ಒಟ್ಟಿದಂಗ ಒಂದರ ಮ್ಯಾಲೊಂದು.
ಮ್ಯಾಲ ಪ್ಲಾಟುಗಳು, ನಂಬರು ಹಾಕಿದ್ದು.
ಅದರ ಕೆಳಗ ಮೂವತ್ತು ಫೂಟಿನ ರಸ್ತೆ,
ಕರೆಂಟಿನ ಕಂಬ, ಚರಂಡಿ,
ಪಾರ್ಕು, ಅದು ಇನ್ನೂ ಬರೇ ಹಸಿರು ಬಣ್ಣ.
ಏಳನೇದಕ್ಕ ಹೆಸರೇ ಇಲ್ಲ.
ಎಲ್ಲಾದರ ಬುಡಕ ಸ್ಕ್ಯಾನ್ ಮಾಡಿದ ಹಳೀ ನಕ್ಷಾ,
ಚಹಾ ಚೆಲ್ಲಿ ಒಣಗಿದ ಬಣ್ಣ, ಮೈತುಂಬ ಉರ್ದು.
ಪ್ರತಿಯೊಂದರ ಮುಂದ ಒಂದು ಸಣ್ಣ ಕಣ್ಣು.
ಒತ್ತಿದರ ಮುಚ್ಚತದ. ಮತ್ತ ಒತ್ತಿದರ ತೆರೀತದ.

"ಆ ಏಳನೇದು ಕಾಣಬಾರ್ದು ನೋಡ್ರಿ."

ಉಳಿದವೆಲ್ಲ ಮುಚ್ಚಿ ಅದೊಂದೇ ತೆರದೆ.
ಬಿಳೀ ಹಾಳಿ ಮ್ಯಾಲ ಒಂಬತ್ತು ಸುತ್ತು,
ಅಂಗೀ ಗುಂಡಿಯಂಗ ಒಂದೇ ಸಾಲು.
ಬುಡದ ನಕ್ಷಾದ ಕಣ್ಣೂ ತೆರದರ
ಪ್ರತಿ ಸುತ್ತಿನ ಒಳಗ ಅದೇ ಒಂದು ಉರ್ದು ಶಬ್ದ.
ನನಗ ಓದಾಕ ಬರಂಗಿಲ್ಲ.
ಬಾಜೂಕ ಮಷಿನ್ ತಂದಿದ್ದ ಹಬೀಬುನ್ನೀಸಾ ಟೀಚರನ್ನ ಕರದೆ.
ಕನ್ನಡಕ ಹಣಿಮ್ಯಾಲಿಂದ ಇಳಿಸಿ ಓದಿದರು:
"ಬಾವ್ಲಿ. ನಾವು ಮನ್ಯಾಗ ಬಾವ್ಡಿ ಅಂತೀವಿ.
ಬಾವಿ ಅಮ್ಮಾ. ಒಂಬತ್ತೂ ಬಾವಿ."
ಸುರಂಗದ ಬಾವಿ. ಮ್ಯಾಲ ಬಾಯಿ ಒಂಬತ್ತು,
ಕೆಳಗ ಹರಿಯೋದು ಒಂದೇ ನೀರು.

ಮನ್ಮಥಪ್ಪ ಗೋಡಿ ಮ್ಯಾಲಿನ ರೇಟಿನ ಪಟ್ಟಿ ಓದಲತ್ತಿದ್ದ,
ಅದರಾಗೇ ಪರೀಕ್ಷಾ ಇದ್ದಂಗ.
"ಮುಚ್ಚಿ ಹೋಗಿ ಎಷ್ಟೋ ವರ್ಷ ಆತು. ನೀರೂ ಇಲ್ಲ, ಏನೂ ಇಲ್ಲ."
"ಮತ್ತ ಕಂಡ್ರ ಏನಾಗ್ತದ?"
"ಕಂಡ್ರ ಕೇಳ್ತಾರ."

ಎರಡು ದಾರಿ ಅವ ಈ ಸಾಫ್ಟ್‌ವೇರಿನಾಗ.
ಒಂದು, ಕಣ್ಣು ಮುಚ್ಚೋದು. ಬಾವಿ ಕಾಣಂಗಿಲ್ಲ, ಖರೇ ಇರತದ.
ಇನ್ನೊಂದು, ಎಲ್ಲಾ ಲೇಯರ್ ಕೂಡಿಸಿ ಚಪ್ಪಟೆ ಮಾಡೋದು,
ರೊಟ್ಟಿ ಬಡದಂಗ. ಆಮ್ಯಾಲ
ಯಾರು ಎಷ್ಟು ಕೆದರಿದ್ರೂ ಮುಚ್ಚಿದ್ದು ಸಿಗಂಗಿಲ್ಲ.
ಅಂವ ಅಂದದ್ದು ಕಾಣಬಾರ್ದು ಅಂತ.
ನಾ ಅಷ್ಟೇ ಮಾಡಿದೆ.

ನಾ ಏನು ದೊಡ್ಡಾಕಿ ಅಲ್ಲ, ಹೇಳೇ ಬಿಡ್ತೀನಿ.
ಅಂವ ಹೋದಮ್ಯಾಲ ನಕ್ಷಾದ ಅಂಚಿನಾಗ ನಮ್ಮ ಓಣಿ ಹುಡುಕಿದೆ.
ನಮ್ಮ ಬಚ್ಚಲ ಇರೋ ಜಾಗಾದಾಗೂ ಅದೇ ಶಬ್ದ.
ಉರ್ದುವಿನಾಗ ನನಗ ಗೊತ್ತಿರೋದು ಈಗ ಅದೊಂದೇ ಶಬ್ದ,
ಅದೂ ಆಕಾರದ ಮ್ಯಾಲಿಂದ.

ಮತ್ತ ಇನ್ನೊಂದು.
ಮುಚ್ಚೋಕಿಂತ ಮೊದಲ ಆ ಲೇಯರಿನ ಸೆಟ್ಟಿಂಗ್ ನೋಡಿದ್ದೆ.
ಪ್ರಿಂಟು: ಯಾವಾಗಲೂ.
ಸ್ಕ್ರೀನ್ ಮ್ಯಾಲ ಇರಲಿ ಬಿಡಲಿ, ಹಾಳಿ ಮ್ಯಾಲ ಬರಬೇಕು
ಅಂತ ಯಾರೋ ಒತ್ತಿ ಇಟ್ಟು ಹೋಗ್ಯಾರ,
ಯಾವ ಆಫೀಸಿನ ಯಾವ ಹುಡುಗನೋ, ಹುಡುಗಿಯೋ,
ಮಧ್ಯಾಹ್ನದ ಡಬ್ಬಿ ಬಿಚ್ಚೋ ಮುಂಚೆ.
ಅದನ್ನ ಬದಲಿಸು ಅಂತ ನನಗ ಯಾರೂ ಹೇಳಿರಲಿಲ್ಲ.
ಬೆರಳು ಮೌಸಿನ ಮ್ಯಾಲ ಇತ್ತು.
ತೆಗದೆ.

ಶುಕ್ರವಾರ ಮನ್ಮಥಪ್ಪ ಓಡಿ ಬಂದ.
ಚಾಪಿಯಷ್ಟು ದೊಡ್ಡ ಪ್ರಿಂಟು, ಟೇಬಲ್ಲಿನ ಮ್ಯಾಲ ಬಿಚ್ಚಿದ.
ಪ್ಲಾಟ್ ಹನ್ನೆರಡರಿಂದ ಮೂವತ್ತರ ತನಕ ಒಂಬತ್ತು ಸುತ್ತು.
"ಸ್ಕ್ರೀನಿನಾಗ ಇಲ್ಲ ಅಕ್ಕೋರ! ಹಾಳಿಗಿ ಎಲ್ಲಿಂದ ಬಂದವ?
ಸಾಹೇಬ್ರು ಎಲ್ಲಾರ ಮುಂದ ಬೆರಳಿಟ್ಟು ಎಣಿಸ್ಯಾರ."

ಕುರ್ಚಿ ಕೊಟ್ಟೆ.
ಮೂರು ದಿನಕ್ಕೊಮ್ಮೆ ಬರೋ ನಳದ್ದು, ಕೊಡದಾಗಿಂದು ಒಂದು ಗ್ಲಾಸ್ ನೀರು ಕೊಟ್ಟೆ.
ಕುಡದ, ಪೂರಾ.
"ನಿಮ್ಮ ಕಡಿಂದ ಮೂವತ್ತು ರೂಪಾಯಿ ಬಾಕಿ ಅದ" ಅಂದೆ.