ಪ್ಯಾರಾ ಹನ್ನೊಂದು

ಸೋಮವಾರ ನಮ್ಮಲ್ಲಿ ಜಾಮೀನಿನ ದಿನ.
ಹಾವೇರಿ ಕೋರ್ಟಿನ ಫ್ಯಾನು ಸಾಹೇಬರ ತಲೆಯ ಮೇಲಷ್ಟೇ ಜೋರು.
ಸ್ಟೆನೋ ನಾನು. ಹದಿನಾಲ್ಕು ವರ್ಷದಿಂದ
ಅವರು ಹೇಳಿದ್ದನ್ನು ಬರೆಯುತ್ತೇನೆ,
ಹೇಳದ್ದನ್ನು ಬರೆಯುವ ಅಧಿಕಾರ ನನಗಿಲ್ಲ.

ಮಗುವಿನ ಹೆಸರು ಬರೆಯಬಾರದು, ಅದು ಕಾಯ್ದೆ.
ಊರು, ಓಣಿ, ಶಾಲೆ, ತಂದೆಯ ಹೆಸರು, ಯಾವುದೂ.
ಆದರೂ ಕಡತ ಓದುತ್ತ ಓದುತ್ತ
ಬೆರಳಿಗೆ ಆ ಹೆಸರು ಬಾಯಿಪಾಠವಾಗಿ
ಒಮ್ಮೊಮ್ಮೆ ತಾನೇ ಬಿದ್ದುಬಿಡುತ್ತದೆ ಪರದೆಯ ಮೇಲೆ.
ಮೂರಕ್ಷರ. ಅಳಿಸಿ,
"ನೊಂದ ಬಾಲಕಿ" ಎಂದು ಬರೆಯುತ್ತೇನೆ.

ಕಡ್ಲಿಮಟ್ಟಿ ವಕೀಲರು ಎದ್ದರು.
ಎಂಟು ತಿಂಗಳಿಂದ ಒಳಗಿದ್ದಾನೆ, ತನಿಖೆ ಮುಗಿದಿದೆ,
ಓಡಿಹೋಗುವವನಲ್ಲ, ಪಹಣಿ ಇದೆ, ಎರಡೆಕರೆ ಇಪ್ಪತ್ತು ಗುಂಟೆ,
ಸಾಬೀತಾಗುವ ತನಕ ಅವನು ಆರೋಪಿ ಮಾತ್ರ.
ಅದರಲ್ಲಿ ಸುಳ್ಳೇನಿರಲಿಲ್ಲ. ಅದೂ ಕಾಯ್ದೆಯೇ.
ಸರ್ಕಾರಿ ವಕೀಲರು "ಘೋರ" ಅಂದರು.
ಸಾಹೇಬರು ತಲೆ ಎತ್ತಲಿಲ್ಲ;
ಆ ಶಬ್ದ ಈ ಕೋಣೆಗೆ ದಿನಕ್ಕೆ ಆರು ಸಲ ಬರುತ್ತದೆ.

"ಮಗುವಿನ ಕಡೆಯವರು?"

ಫಕ್ಕೀರವ್ವ ಅನ್ನೋಣ. ನಿಜದ ಹೆಸರು ಬೇರೆ.
ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವಾಕೆ,
ಅಂಥವರು ಅಲ್ಲಿ ಸಾವಿರ.
ಕಣ್ಣು ಒರೆಸಿಕೊಂಡದ್ದು ಮೊಣಕೈಯಿಂದ.
ಆ ಬೆರಳು ಕಣ್ಣಿಗೆ ತಾಗುವಂತಿಲ್ಲ.

"ಬಿಡ್ರಿ, ಬಿಡಬ್ಯಾಡ್ರಿ ಅನ್ನಾಕ ನಾ ಯಾರ್ರಿ.
ಅವರ ಮನಿ ಗೂಟಕ್ಕೂ ನಮ್ಮ ಮನಿ ಗೂಟಕ್ಕೂ
ಒಂದ ಹಗ್ಗ ಇತ್ರಿ. ಎರಡೂ ಮನಿ ಅರಿವಿ ಅದರ ಮ್ಯಾಲ.
ಈಗ ನನ್ನ ಮಗಳು ಹಗ್ಗ ಬಿಚ್ಚಿ ಒಳಗ ಇಟ್ಟಾಳ.
ಅರಿವಿ ಒಳಗ ಒಣಗತಾವ, ವಾಸನಿ ಹಿಡದಾವ.
ಆಕಿ ಇಲ್ಲಿ ಬಂದು ಒಂದ ಸಲ ಮಾತಾಡೂ ತನಕ ತಡೀರಿ.
ಆಮ್ಯಾಲ ನಿಮ್ಮ ಕಾಯ್ದೆ ಹೆಂಗ ಐತೋ ಹಂಗ."

"ಹಗ್ಗ ಎಷ್ಟುದ್ದ?"

ಯಾರೂ ಇಂಥ ಪ್ರಶ್ನೆ ಕೇಳಿದ್ದಿಲ್ಲ ಇಲ್ಲಿ.
ಆಕೆ ಗಾಳಿಯಲ್ಲಿ ಮೊಳ ಹಾಕಿ ಎಣಿಸಿದಳು.
"ಹನ್ನೆರಡು ಮೊಳಾರಿ."

ಹೋದ ತಿಂಗಳು ಇದೇ ಕಲಮಿನ ಇನ್ನೊಂದು ಅರ್ಜಿ:
ಹುಡುಗನಿಗೆ ಹತ್ತೊಂಬತ್ತು, ಹುಡುಗಿಗೆ ಹದಿನೇಳೂವರೆ,
ಹುಬ್ಬಳ್ಳಿಗೆ ಎರಡು ಬಸ್ ಟಿಕೆಟು.
ಸಾಹೇಬರು ಬಿಟ್ಟರು. ಅವಳ ತಾಯಿಯೂ ಅತ್ತಳು.
ಆ ಆದೇಶದ ಮೊದಲ ಹತ್ತು ಪ್ಯಾರಾ ಎತ್ತಿ
ಇಲ್ಲಿ ಅಂಟಿಸಿ, ಹೆಸರು, ತಾರೀಖು ತಿದ್ದುತ್ತೇನೆ.
ಮಂಜೂರಾಗಲಿ, ವಜಾ ಆಗಲಿ,
ಹತ್ತರ ತನಕ ಎಲ್ಲ ಆದೇಶವೂ ಒಂದೇ.

ಮತ್ತೊಂದು ಹಳೆಯದು. ಹಿಂದಿನ ಸಾಹೇಬರ ಕಾಲದ್ದು.
ಹದಿಮೂರು ಷರತ್ತು ಹಾಕಿ ಬಿಟ್ಟಿದ್ದರು,
ಆ ಕಡೆ ಸುಳಿಯಕೂಡದು, ಭಾನುವಾರ ಠಾಣೆಯಲ್ಲಿ ಸಹಿ.
ಅವನು ತಪ್ಪದೆ ಸಹಿ ಹಾಕಿದ.
ಸಾಕ್ಷಿಯ ದಿನ ಆ ಮಗು ಕೇಳಿದ್ದಕ್ಕೆಲ್ಲ
"ನೆನಪಿಲ್ಲ" ಅಂದಿತು.
ಹತ್ತೊಂಬತ್ತು ಸಲ ಟೈಪು ಮಾಡಿದೆ ಆ ಶಬ್ದ.
ಯಾಕೆ ಮರೆಯಿತೆಂದು ನಮ್ಮಲ್ಲಿ ದಾಖಲೆ ಇಲ್ಲ.

ಊಟದ ಮೇಲೆ ಒಳಕೋಣೆಯಲ್ಲಿ ಹೇಳತೊಡಗಿದರು:
"ಪ್ಯಾರಾ ಹನ್ನೊಂದು. ಆರೋಪಿಯ ಮನೆಯು
ನೊಂದ ಬಾಲಕಿಯ ಮನೆಗೆ ಸಮೀಪದಲ್ಲಿದ್ದು..."
ನಿಂತರು. "ಸಮೀಪ ಬೇಡ ಅಮ್ಮಾ.
ಹನ್ನೆರಡು ಮೊಳ ಅಂತ ಹಾಕಿ. ಹಗ್ಗದ್ದೂ ಬರಲಿ."
ಹಾಕಿದೆ.
ಕನ್ನಡಕ ತೆಗೆದು ಒರೆಸುತ್ತ ಕೂತರು.
"ಬೇಡ. ಹಗ್ಗ ಅಂದರೆ ಆ ಓಣಿಗೇ ಗುರುತು ಸಿಗುತ್ತದೆ.
ಸಮೀಪ ಅಂತಲೇ ಇರಲಿ."

ಅಳಿಸಿದೆ.

ಬಾಲಕಿಯ ಸಾಕ್ಷ್ಯ ಇನ್ನೂ ಆಗಿಲ್ಲವಾದ್ದರಿಂದ,
ಮೂವತ್ತು ದಿನದೊಳಗೆ ಅದನ್ನು ದಾಖಲಿಸತಕ್ಕದ್ದು,
ಸದ್ಯಕ್ಕೆ ಅರ್ಜಿ ವಜಾ.

ಪಡಸಾಲೆಯಲ್ಲಿ ಇರುವುದು ಒಂದೇ ಬೆಂಚು.
ಆ ತುದಿಗೆ ಅವನ ತಾಯಿ, ಮಗನಿಗೆಂದು ತಂದ
ಬುತ್ತಿ ಮಡಿಲಲ್ಲಿಟ್ಟುಕೊಂಡು.
ಈ ತುದಿಯಿಂದ ಫಕ್ಕೀರವ್ವ ಎದ್ದು ಬಂದಳು.
"ಏನಾತ್ರಿ ಅಕ್ಕಾರ?"
"ಸದ್ಯ ಬಿಡೋದಿಲ್ಲವ್ವಾ."
"ಸದ್ಯ ಅಂದ್ರ ಎಷ್ಟ ದಿನಾರಿ?"

ನಾನು ಬಾಯಿ ತೆರೆಯುವಷ್ಟರಲ್ಲಿ
ಕಡ್ಲಿಮಟ್ಟಿಯವರ ಗುಮಾಸ್ತ ಕಿಟಕಿಗೆ ಬಂದಿದ್ದ:
ಆದೇಶದ ದೃಢೀಕೃತ ನಕಲು, ಎರಡು ಪ್ರತಿ, ಅರ್ಜೆಂಟು,
ಧಾರವಾಡದ ಹೈಕೋರ್ಟಿಗೆ.