ನೀರುಮಟ್ಟ

ನಾನು ಮೇಸ್ತ್ರಿ. ಈ ಕೂರ್ವೆಯ ಇಪ್ಪತ್ತಾರು ಮನೆಗಳಲ್ಲಿ
ಹತ್ತೊಂಬತ್ತರ ಪಂಚಾಂಗ ನನ್ನ ಕೈಯದು.
ಭಟ್ಟರ ಪಂಚಾಂಗದಲ್ಲಿ ಮಳೆ ಎಷ್ಟು ಕೊಳಗವೆಂದು ಬರೆದಿರುತ್ತದೆ,
ನನ್ನದರಲ್ಲಿ ಚಿರೆಕಲ್ಲು ಎಷ್ಟು ಸಾಲೆಂದು.
ಎರಡೂ ತಪ್ಪಿವೆ.

ಮೊದಲು ಎರಡು ಸಾಲು ಸಾಕಿತ್ತು.
ಒಂದು ನೆರೆ ಬಂತು, ಮೂರು. ಇನ್ನೊಂದು ಬಂತು, ಐದು.
ಮೆಟ್ಟಿಲೇರಲಾರದೆ ಪೊಕ್ಕಜ್ಜಿ
ಅಂಗಳದಲ್ಲೇ ಚಾಪೆ ಹಾಸಿಕೊಂಡಳು.
ನೆರೆ ಬಂದ ವರ್ಷ ನನಗೆ ಕೈತುಂಬ ಕೆಲಸ.
ಯಾರೂ ಕೇಳಿಲ್ಲ, ನಾನೇ ಹೇಳುತ್ತಿದ್ದೇನೆ:
ಮಗಳ ಮೂಗುತಿ ಅಂಥದೊಂದು ವರ್ಷದ್ದು.

ಮಳೆ ಬೀಳುವುದು ಯಲ್ಲಾಪುರದ ಆಚೆ.
ಇಲ್ಲಿ ಬಿಸಿಲು, ಹಗ್ಗದ ಮೇಲೆ ಬಟ್ಟೆ.
ಗಂಗಾವಳಿ ಮಾತ್ರ ಕೆಂಪಗೆ ಬೆನ್ನುಬ್ಬಿಸಿ
ಯಾರದೋ ಹುಲ್ಲಿನ ಕುತ್ರಿ, ಯಾರದೋ ಬಾಗಿಲು
ಚೌಕಟ್ಟು ಸಮೇತ ಹೊತ್ತು ತರುತ್ತದೆ.
ಇಳಿದ ಮೇಲೆ ನೋಡಬೇಕು:
ಶಾಲೆಯ ಗೋಡೆ, ಸೊಸೈಟಿಯ ಗೋಡೆ, ಬೀರ ಅಂಬಿಗನ ಕೊಟ್ಟಿಗೆ,
ಎಲ್ಲದರ ಮೇಲೂ ಒಂದೇ ಗೆರೆ, ಕೂದಲೆಳೆ ಆಚೀಚೆಯಿಲ್ಲ.
ಮೂವತ್ತು ವರ್ಷ ದಾರ ಎಳೆದ ನಾನು
ಅಷ್ಟು ನೇರ ಎಳೆದಿಲ್ಲ.

ಈ ಬೇಸಿಗೆ ಅಂಕೋಲೆಯಿಂದ ಸಾಹೇಬರು ಬಂದರು.
ಇನ್ನು ಇಲ್ಲಿ ಒಂದು ಕಲ್ಲೂ ಇಡುವಂತಿಲ್ಲ,
ಗುಡ್ಡದ ಮೇಲೆ ಸೈಟು, ತಲಾ ಎರಡು ಗುಂಟೆ.
ತಪ್ಪು ಮಾತಲ್ಲ. ಅದಕ್ಕೇ
ನನ್ನ ಬಾಯಿಂದ ಮಾತು ಹೊರಡಲಿಲ್ಲ.

ಟೆಂಪೊದಲ್ಲಿ ಕರೆದೊಯ್ದು ತೋರಿಸಿದರು.
ಇಳಿದವನೇ ಗುರುತು ಹಿಡಿದೆ:
ಕೂರ್ವೆಯ ಮನೆಗಳಿಗೆಲ್ಲ ನಾವು ಕಲ್ಲು ಕಡಿದ ಕ್ವಾರಿ.
ಕಡಿದ ಹೊಂಡದಲ್ಲಿ ಹೋದ ವರ್ಷದ ಮಳೆ
ಇನ್ನೂ ಹಸಿರಾಗಿ ನಿಂತಿತ್ತು, ಒಂದು ಕಪ್ಪೆ ಸಮೇತ.
"ಇಲ್ಲಿ ದೋಣಿ ಸರ್ಕಾರದ್ದೋ, ನಮ್ಮದೇ ತರಬೇಕೋ?" ಎಂದ ಬೀರ.
ಎಲ್ಲರೂ ನಕ್ಕರು, ಸಾಹೇಬರೂ.

ಬುದವಂತಿ ನಗಲಿಲ್ಲ.
ಬಳಚು ಹೆಕ್ಕುವವಳು, ಮಲಗಿದಲ್ಲೇ
ನೀರು ಕೆಸರು ಬಿಡುವ ಸದ್ದಿಗೆ ಏಳುವವಳು.
"ಇಲ್ಲಿ ಇಳಿತ ಹೇಗೆ ಗೊತ್ತಾಗ್ತದೆ?"
ಮೊಬೈಲಿನಲ್ಲಿ ಬರುತ್ತದೆ ಎಂದರು.

ಅವಳ ಮುಂಗಡ ಐದು ಸಾವಿರ ನನ್ನ ಕಪಾಟಿನಲ್ಲಿತ್ತು,
ಮಗನ ಹೊಸ ಮನೆಗೆ, ಆರು ಸಾಲಿನ ಪಂಚಾಂಗಕ್ಕೆ.
ಮಟ್ಟ ನೋಡಲು ನೀರು ತುಂಬಿದ ಪೈಪು ಒಯ್ದೆ.
ಒಂದು ತುದಿ ಹುಡುಗನ ಕೈಲಿ,
ಹಳೆಯ ಗೋಡೆಯ ಆ ಗೆರೆಗೆ ತಾಗಿಸಿ.
ಇನ್ನೊಂದು ನನ್ನ ಕೈಲಿ, ಹೊಸ ಗೂಟದ ಬಳಿ.
ನೀರು ತೂಗಿತು, ತೂಗಿತು, ನಿಂತಿತು
ನನ್ನ ಗಂಟಲ ಗುಣಿಯ ಹತ್ತಿರ.
ಆರು ಸಾಲು ಅಲ್ಲಿಗೆ ಮುಟ್ಟುವುದಿಲ್ಲ.
ಎಂಟು ಹಾಕಬಹುದು. ಮುಂದಿನ ಸಲ ಹತ್ತು.
ನನಗೇನು, ಕೂಲಿ.

"ನಾನು ಇಡುವುದಿಲ್ಲ, ಬುದವಂತಕ್ಕಾ.
ಮೇಲಿನ ಹೊಂಡಕ್ಕೆ ಮೊದಲು ನೀರು ಹೋಗುವ ದಾರಿ ಕಡಿಯಬೇಕು.
ಅದಕ್ಕೆ ಕೂಲಿ ಬೇಡ. ತೋಡಿದವನು ನಾನೇ."
ಹೆಬ್ಬೆರಳು ಒದ್ದೆ ಮಾಡಿ ನೋಟು ಎಣಿಸಿದಳು,
ಮತ್ತೊಮ್ಮೆ ಎಣಿಸಿದಳು, ಸೆರಗಿಗೆ ಕಟ್ಟಿದಳು.
"ಮನೆ ಹೊತ್ತುಕೊಂಡು ಹೋಗ್ತೀರಿ, ಸರಿ.
ಕೆಸರು ಯಾರು ಹೊರ್ತಾರೆ?"
ಉತ್ತರಕ್ಕೆ ಕಾಯಲಿಲ್ಲ. ಇಳಿತ ನಾಲ್ಕಕ್ಕಿತ್ತು.
ಬುಟ್ಟಿ ಹಿಡಿದು ಮೊಣಕಾಲಿನವರೆಗೆ ಇಳಿದಿದ್ದಳು ಆಗಲೇ.

ಪೈಪಿನ ನೀರು ಚೆಲ್ಲಲು ಮನಸ್ಸಾಗಲಿಲ್ಲ.
ಸುರುಳಿ ಸುತ್ತಿ ಹೆಗಲಿಗೆ ಹಾಕಿಕೊಂಡೆ.
ತುಸು ಭಾರವೇ.